ಕ್ಷೌರಿಕನ ಸಲಹೆ ಮತ್ತು ಮಾರಾಟದ ಲಾಭ: ಮಸೂತಿ ಸೀಮೆಯನ್ನು ಮುಂದಿಟ್ಟುಕೊಂಡು ಒಂದು ವಿವೇಚನೆ

ಸಾರಾಂಶ

ಕ್ಷೌರದಂಗಡಿಯಲ್ಲಿ ಶಾಂಪೂ, ಎಣ್ಣೆ, ತಲೆಬಣ್ಣಗಳ ಚಿಲ್ಲರೆ ಮಾರಾಟ ಸೇರಿಕೊಂಡಾಗ ಕ್ಷೌರಿಕನ ಸಲಹೆಗೂ ಅವನ ಆದಾಯಕ್ಕೂ ನೇರ ನಂಟು ಬೀಳುತ್ತದೆ. ಈ ನಂಟು ಗಿರಾಕಿಗೆ ಎಷ್ಟು ನಿಚ್ಚಳವಾಗಿ ಕಾಣುತ್ತದೆಯೋ ಸಲಹೆ ಅಷ್ಟು ಸಹಜವೆನಿಸುತ್ತದೆ ಎಂಬುದು ಈ ಲೇಖನದ ವಾದ. ಆಯದ ಪದ್ಧತಿ, ಹೊರದೇಶದ ಎರಡು ಅಧ್ಯಯನಗಳು ಹಾಗೂ ಸೌಂದರ್ಯವರ್ಧಕಗಳ ಕಾನೂನು ಇದಕ್ಕೆ ಆಧಾರ.

1. ಆಯದಿಂದ ನಗದಿಗೆ

ಮಸೂತಿ ಹಳೆಯ ಬಸವನ ಬಾಗೇವಾಡಿ ತಾಲ್ಲೂಕಿನ ಊರು. ಈ ಸೀಮೆಯಲ್ಲಿ ಕ್ಷೌರವೃತ್ತಿಗೆ ಶರಣ ಪರಂಪರೆಯ ನಂಟು ಗಟ್ಟಿಯಾಗಿದೆ. ಬಸವಣ್ಣನ ಆಪ್ತನಾಗಿದ್ದ 12ನೆಯ ಶತಮಾನದ ಹಡಪದ ಅಪ್ಪಣ್ಣನ ಊರೆಂದು ಹೇಳುವ ಮಸಬಿನಾಳ ಇದೇ ತಾಲ್ಲೂಕಿನದು. ಹಡಪದ ಸಮಾಜದ ಗುರುಪೀಠವಿರುವ ತಂಗಡಗಿ ನೆರೆಯ ಮುದ್ದೇಬಿಹಾಳ ತಾಲ್ಲೂಕಿನಲ್ಲಿದೆ.

ಊರಿನ ಆಯಗಾರರಲ್ಲಿ, ಅಂದರೆ ಸೇವೆಗೆ ಪ್ರತಿಯಾಗಿ ಕಾಳು ಪಡೆಯುವ ಕಸುಬುದಾರರಲ್ಲಿ, ಕ್ಷೌರಿಕನೂ ಒಬ್ಬನಾಗಿದ್ದ. ವರ್ಷವಿಡೀ ಮನೆಮಂದಿಯ ಕ್ಷೌರ ಮಾಡಿದ್ದಕ್ಕೆ ರಾಶಿಯ ಕಾಲದಲ್ಲಿ ಕಣದಿಂದಲೇ ಅವನಿಗೆ ಕಾಳು ಸಲ್ಲುತ್ತಿತ್ತು. ಈ ವ್ಯವಸ್ಥೆ ಜಾತಿಯ ಕಟ್ಟಿನೊಳಗೇ ನಡೆಯುತ್ತಿತ್ತು. ಕ್ಷೌರಿಕ ತನ್ನ ದುಡಿಮೆಯ ಬೆಲೆಯನ್ನು ತಾನೇ ಹೇಳುವಂತಿರಲಿಲ್ಲ. ಹಾಗಾಗಿ ಅದನ್ನು ಹೊಗಳಬೇಕಾದ್ದಿಲ್ಲ. ಆದರೆ ಅದರ ಒಂದು ಗುಣ ನಮ್ಮ ಚರ್ಚೆಗೆ ಮುಖ್ಯ. ಎಣ್ಣೆ ಹಚ್ಚು ಎಂದು ಹೇಳಿದರೂ ಹಚ್ಚಬೇಡ ಎಂದು ಹೇಳಿದರೂ ಕ್ಷೌರಿಕನಿಗೆ ಬರುವ ಕಾಳಿನಲ್ಲಿ ಹೆಚ್ಚುಕಡಿಮೆ ಆಗುತ್ತಿರಲಿಲ್ಲ. ಆದ್ದರಿಂದ ಅವನ ಮಾತಿನ ಹಿಂದೆ ಸ್ವಾರ್ಥ ಹುಡುಕಲು ಯಾರಿಗೂ ಕಾರಣವಿರಲಿಲ್ಲ. ನಗದು ಬಂದ ಮೇಲೂ ಈ ನಂಬಿಕೆ ಬಹುಮಟ್ಟಿಗೆ ಉಳಿಯಿತು, ಏಕೆಂದರೆ ಅವನು ಮಾರುತ್ತಿದ್ದುದು ತನ್ನ ಕೈಕೆಲಸವನ್ನು ಮಾತ್ರ. ಕನ್ನಡಿಯ ಪಕ್ಕ ಮಾರಾಟದ ಡಬ್ಬಿಗಳು ಕೂತಾಗ ಆ ನಂಬಿಕೆಗೆ ಮೊದಲ ಪರೀಕ್ಷೆ ಎದುರಾಗುತ್ತದೆ.

2. ಮಾತಿನ ಬಲಕ್ಕೆ ಪುರಾವೆ

ಲಿಂಡಾ ಪ್ರೈಸ್ ಮತ್ತು ಎರಿಕ್ ಆರ್ನಾಲ್ಡ್ 1999ರಲ್ಲಿ ಪ್ರಕಟಿಸಿದ ಅಧ್ಯಯನ ಕೇಶವಿನ್ಯಾಸಕರು ಮತ್ತು ಅವರ ಗಿರಾಕಿಗಳ ನಡುವೆ ಬೆಳೆಯುವ ಸ್ನೇಹವನ್ನು ಪರಿಶೀಲಿಸಿತು. ಅಂಥ ಸ್ನೇಹವಿದ್ದಲ್ಲಿ ಗಿರಾಕಿಯ ತೃಪ್ತಿ, ನಿಷ್ಠೆ ಹಾಗೂ ಇತರರ ಮುಂದೆ ಆಡುವ ಒಳ್ಳೆಯ ಮಾತು ಹೆಚ್ಚೆಂದು ಅದು ತೋರಿಸಿತು.

2018ರಲ್ಲಿ ಪ್ರಕಟವಾದ ಲಾಸ್ ಏಂಜಲೀಸ್‌ನ ಪ್ರಯೋಗ ಇನ್ನೂ ಮುಂದೆ ಹೋಗುತ್ತದೆ. ಅಲ್ಲಿನ 52 ಕ್ಷೌರದಂಗಡಿಗಳಿಗೆ ಬರುವ, ಅಧಿಕ ರಕ್ತದೊತ್ತಡವಿದ್ದ 319 ಕಪ್ಪುವರ್ಣೀಯ ಪುರುಷರು ಅದರಲ್ಲಿದ್ದರು. ಕ್ಷೌರಿಕರು ಜೀವನಕ್ರಮ ಸುಧಾರಿಸಿಕೊಳ್ಳಲು, ವೈದ್ಯರನ್ನು ಕಾಣಲು ಹೇಳಿದ ಗುಂಪಿನಲ್ಲಿ ಮೇಲಿನ ಒತ್ತಡ ಆರು ತಿಂಗಳಲ್ಲಿ ಸರಾಸರಿ 9.3 ಅಂಕ ಇಳಿಯಿತು. ಕ್ಷೌರಿಕರ ಉತ್ತೇಜನದೊಂದಿಗೆ ಔಷಧತಜ್ಞರೇ ಅಂಗಡಿಗೆ ಬಂದು ಔಷಧಿ ಕೊಟ್ಟ ಗುಂಪಿನಲ್ಲಿ 27 ಅಂಕ ಇಳಿಯಿತು. ಹೇಳಿದ ಪರಿಹಾರ ಹೇಳಿದಲ್ಲೇ ಸಿಕ್ಕರೆ ಮಾತು ಫಲಿಸುವ ಸಾಧ್ಯತೆ ಹೆಚ್ಚು ಎಂಬುದು ಇದರಿಂದ ನಾವು ತೆಗೆಯಬಹುದಾದ ಪಾಠ. ಅಂಗಡಿಯಲ್ಲಿ ಸರಕು ಇಡುವುದಕ್ಕೆ ಇದು ಸಮರ್ಥನೆಯೂ ಹೌದು. ಆದರೆ ಅಲ್ಲಿನ ಕ್ಷೌರಿಕ ಆ ಔಷಧಿಯನ್ನು ಮಾರುತ್ತಿರಲಿಲ್ಲ. ಮಾರುವವನೂ ಹೇಳುವವನೂ ಒಬ್ಬನೇ ಆದಾಗ ಹೆಚ್ಚಿನ ಎಚ್ಚರ ಬೇಕು.

3. ಸಲಹೆಯ ರಚನೆ

ಸವಳು ನೀರಿನ ಉದಾಹರಣೆ ನೋಡೋಣ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಸಾಬೂನಿನೊಂದಿಗೆ ಸೇರಿ ಕರಗದ ಕಲ್ಮಶವಾಗಿ ಕೂದಲಿಗೆ ಅಂಟುತ್ತವೆ. ಶಾಂಪೂವಿನ ಮಾರ್ಜಕಗಳಿಗೆ ಈ ತೊಂದರೆ ಬಹಳ ಕಡಿಮೆ. ಕತ್ತರಿ ಆಡಿಸುವಾಗ ಇದು ಕಣ್ಣಿಗೆ ಬಿದ್ದರೆ ಕ್ಷೌರಿಕ ಹೀಗೆ ಹೇಳಬಹುದು: “ಕಾಕಾ, ತಲಿಮ್ಯಾಲ ಬೆಳ್ಳಗ ಕುಂತದ ನೋಡ್ರಿ. ಸವಳ ನೀರಾಗ ಸಾಬಾನ ಪೂರಾ ಹೋಗಂಗಿಲ್ಲ. ಶಾಂಪೂ ಹಚ್ಚಿ ನೋಡ್ರಿ. ನನ್ನಂತೇಕ ಬಾಟಲಿ ಅದ, ರೂಪಾಯಿ ಪಾಕೀಟ ನಿಮ್ಮ ಓಣ್ಯಾಗೂ ಸಿಗತದ.”

ಈ ಮಾತಿನಲ್ಲಿ ಕಂಡದ್ದು ಮೊದಲು ಬಂದಿದೆ, ಅದರ ಕಾರಣ ಆಮೇಲೆ, ಸರಕು ಕೊನೆಗೆ. ಅಗ್ಗದ ದಾರಿಯನ್ನೂ ಬೇರೆ ಅಂಗಡಿಯನ್ನೂ ತೋರಿಸಿದ್ದರಿಂದ ಬಾಟಲಿಯ ಲಾಭ ಬಚ್ಚಿಡುವ ವಿಷಯವಾಗಿ ಉಳಿಯಲಿಲ್ಲ. ತಿಂಗಳಿಗೊಮ್ಮೆಯಾದರೂ ಅದೇ ಕುರ್ಚಿಗೆ ಬರುವ ಕಾಕಾ ಬಾಟಲಿ ಕೊಳ್ಳದಿದ್ದರೂ ಮುಂದಿನ ಸಲ ಮುಜುಗರವಿಲ್ಲದೆ ಬರುತ್ತಾನೆ. ಕಂಪನಿಯ ಪ್ರತಿನಿಧಿ ಬಾಯಿಪಾಠ ಮಾಡಿಸಿದ ಹೊಗಳಿಕೆಗೆ ಈ ಅನುಕೂಲವಿಲ್ಲ.

4. ಕಾನೂನು ಎಳೆದ ಗೆರೆ

ಸೌಂದರ್ಯವರ್ಧಕ ಮಾರಲು 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯಡಿ ಚಿಲ್ಲರೆ ಪರವಾನಗಿ ಬೇಕಿಲ್ಲ. ಔಷಧ ಮಾರಲು ಬೇಕು. ಗಜಕರ್ಣ ಕಂಡಾಗ ಈ ಗೆರೆ ನೆನಪಿರಬೇಕು. ಸ್ಟೀರಾಯ್ಡ್ ಬೆರೆತ ಮುಲಾಮು ಮೊದಮೊದಲು ತುರಿಕೆ ತಗ್ಗಿಸಿ, ಒಳಗೊಳಗೇ ಶಿಲೀಂಧ್ರ ಹಬ್ಬಲು ಬಿಡುತ್ತದೆ. ಇಂಥ 14 ಸ್ಟೀರಾಯ್ಡ್‌ಗಳ ಮುಲಾಮುಗಳನ್ನು 2018ರಲ್ಲಿ ವೈದ್ಯರ ಚೀಟಿಯಿಲ್ಲದೆ ಮಾರದಂತೆ ‘ಎಚ್’ ಅನುಸೂಚಿಗೆ ತರಲಾಯಿತು. ಇಲ್ಲಿ ಕ್ಷೌರಿಕ ಕೊಡಬಹುದಾದ ಸರಿಯಾದ ಸಲಹೆ ಆಸ್ಪತ್ರೆಯ ದಾರಿ.

ತಲೆಬಣ್ಣದ ಮಾತು ಬೇರೆ. ಪ್ಯಾರಾ-ಫೆನಿಲೀನ್‌ಡಯಾಮೀನ್ ಇರುವ ಬಣ್ಣದ ಮೇಲೆ, ಮೊದಲು ಪರೀಕ್ಷಿಸಿಕೊಳ್ಳಬೇಕು, ಹುಬ್ಬು-ರೆಪ್ಪೆಗೆ ಹಚ್ಚಬಾರದು ಎಂಬ ಎಚ್ಚರಿಕೆಯನ್ನು ಇಂಗ್ಲಿಷಿನ ಜೊತೆ ಸ್ಥಳೀಯ ಭಾಷೆಯಲ್ಲೂ ಮುದ್ರಿಸಬೇಕೆಂದು ನಿಯಮವಿದೆ. ಪರೀಕ್ಷೆಯನ್ನು ಸಾಮಾನ್ಯವಾಗಿ 48 ಗಂಟೆ ಮೊದಲು ಮಾಡಬೇಕು. ಮದುವೆಯ ಮುನ್ನಾದಿನ ಅವಸರದಲ್ಲಿ ಬಂದವನಿಗೆ ಅಷ್ಟು ಹೊತ್ತು ಇರುವುದಿಲ್ಲ. ಹಾಗಾಗಿ ಈ ಸಲದ ಕ್ಷೌರದಲ್ಲಿ ಕಿವಿಯ ಹಿಂದೆ ಹಚ್ಚಿ ಪರೀಕ್ಷಿಸಿ, ಮುಂದಿನ ಸಲ ಬಣ್ಣ ಹಾಕುವುದು ಕ್ಷೌರದಂಗಡಿಯ ಲಯಕ್ಕೆ ಹೊಂದುವ ಕ್ರಮ. ಬಿಡಿಯಾಗಿ ಪೊಟ್ಟಣ ಮಾರುವ ಕಿರಾಣಿ ಅಂಗಡಿಯವನು ಈ ಸೇವೆ ಕೊಡಲಾರ. ಮುದ್ರಿತ ಗರಿಷ್ಠ ಬೆಲೆಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲವಾದ್ದರಿಂದ ಕ್ಷೌರಿಕನಿಗೆ ಬೇರೆ ಅಂಗಡಿಗಳ ಮೇಲೆ ಮೇಲುಗೈ ಸಿಗುವುದು ಇಂಥ ಆರೈಕೆಯಿಂದಲೇ.

5. ತರಬೇತಿಯಲ್ಲಿ ಸೇರಬೇಕಾದ್ದು

2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕ್ಷೌರವೂ ಇದೆ. ಅದರಲ್ಲಿ 5ರಿಂದ 7 ದಿನಗಳ ಮೂಲ ತರಬೇತಿ, ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಗಳಿಗೆ 15,000 ರೂಪಾಯಿ ನೆರವು ಹಾಗೂ ಶೇ 5ರ ಬಡ್ಡಿಯಲ್ಲಿ ಮೊದಲ ಕಂತಾಗಿ 1 ಲಕ್ಷ ರೂಪಾಯಿವರೆಗೆ ಸಾಲವಿದೆ. ಈ ತರಬೇತಿಯಲ್ಲಿ ಅರ್ಧ ದಿನವನ್ನಾದರೂ ಡಬ್ಬಿಯ ಮೇಲಿನ ಚೀಟಿ ಓದುವುದಕ್ಕೆ, ತಲೆಬಣ್ಣದ ಪರೀಕ್ಷೆಗೆ, ಸೌಂದರ್ಯವರ್ಧಕ-ಔಷಧಗಳ ಭೇದಕ್ಕೆ ಮೀಸಲಿಡಬೇಕು. 2025ರ ಸೆಪ್ಟೆಂಬರ್ 22ರಿಂದ ಶಾಂಪೂ, ತಲೆಎಣ್ಣೆ, ಶೇವಿಂಗ್ ಕ್ರೀಮುಗಳ ಜಿಎಸ್‌ಟಿ ಶೇ 18ರಿಂದ 5ಕ್ಕೆ ಇಳಿದಿರುವುದರಿಂದ ಬೆಲೆ ಹೇಳುವಾಗ ಹೊಸ ದರದ ಅರಿವೂ ಇರಬೇಕು.

6. ಉಪಸಂಹಾರ

ಮಾರಾಟವಾದ ಡಬ್ಬಿಗಳ ಲೆಕ್ಕವೊಂದನ್ನೇ ಹಿಡಿದು ಇಂಥ ತರಬೇತಿಯ ಯಶಸ್ಸನ್ನು ಅಳೆದರೆ, ಸಲಹೆಗೆ ಬೆಲೆ ತಂದ ನಂಬಿಕೆಯನ್ನೇ ಖರ್ಚು ಮಾಡಿದಂತಾಗುತ್ತದೆ. “ಇದು ನಿಮಗ ಬ್ಯಾಡ್ರಿ” ಎಂದು ಕ್ಷೌರಿಕ ಎಷ್ಟು ಸಲ ಹೇಳಿದ, ಹಾಗೆ ಹೇಳಿಸಿಕೊಂಡ ಗಿರಾಕಿ ಮರಳಿ ಬಂದನೇ, ಕೊಂಡವನು ಎರಡನೆಯ ಸಲವೂ ಅದನ್ನೇ ಕೇಳಿದನೇ ಎಂಬ ಮೂರು ಪ್ರಶ್ನೆಗಳನ್ನು ಸೇರಿಸಿ ಅಳೆಯಬೇಕು. ಆಯದ ಕಾಲದಲ್ಲಿ ಕಟ್ಟುಪಾಡಿನಿಂದ ಬಂದಿದ್ದ ನಿಃಸ್ವಾರ್ಥತೆಯನ್ನು ಇಂದಿನ ಕ್ಷೌರಿಕ ತನ್ನ ಲಾಭವನ್ನು ಮುಚ್ಚಿಡದೆ, ತಾನೇ ಆಯ್ದು ಗಳಿಸಿಕೊಳ್ಳಬೇಕಾಗಿದೆ.