ಮಂದಿನಿಂದ ಮೈದಾನಕ್ಕೆ: ಕೊಡಗಿನ ಹಾಕಿ ಮತ್ತು ಸಮುದಾಯದ ಅಸ್ಮಿತೆ

ಕನ್ನಡ ಜಾನಪದ ಅಧ್ಯಯನದಲ್ಲಿ ಆಟಗಳಿಗೆ ಸಂಬಂಧಿಸಿದ ಕೆಲಸ ಬಹುಮಟ್ಟಿಗೆ ಸಂಗ್ರಹ ಮತ್ತು ವರ್ಗೀಕರಣಗಳಿಗೆ ಸೀಮಿತಗೊಂಡಿದೆ. ಒಳಾಂಗಣ ಆಟ, ಹೊರಾಂಗಣ ಆಟ, ಮಕ್ಕಳ ಆಟ, ಹಬ್ಬದ ಆಟ ಎಂಬ ವಿಂಗಡಣೆಗಳು ಉಪಯುಕ್ತವಾದವುಗಳೇ ಹೌದು. ಆದರೆ ಒಂದು ಜನಸಮುದಾಯವು ತನ್ನ ಮುಂದಿರುವ ಹಲವು ಆಟಗಳ ನಡುವೆ ಯಾವುದೋ ಒಂದನ್ನು ಮಾತ್ರ 'ನಮ್ಮದು' ಎಂದು ಏಕೆ ಆರಿಸಿಕೊಳ್ಳುತ್ತದೆ, ಹಾಗೆ ಆರಿಸಿಕೊಂಡ ಆಟವು ಆ ಸಮುದಾಯದ ಆತ್ಮಚಿತ್ರವನ್ನು ಹೇಗೆ ತಿದ್ದುತ್ತದೆ ಎಂಬ ಪ್ರಶ್ನೆಗಳಿಗೆ ಈ ವಿಂಗಡಣೆಗಳಲ್ಲಿ ಉತ್ತರ ದೊರೆಯುವುದಿಲ್ಲ. ಹೊರಗಿನಿಂದ ಬಂದ ಹಾಕಿಯನ್ನು ಕೊಡಗು ತನ್ನದಾಗಿಸಿಕೊಂಡ ಬಗೆಯನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶವಾಗಿದೆ.

1. ಆಟ ಮತ್ತು ರಾಷ್ಟ್ರ

ಇತಿಹಾಸಕಾರ ಎರಿಕ್ ಹಾಬ್ಸ್‌ಬಾಮ್ ರಾಷ್ಟ್ರೀಯತೆಯನ್ನು ಕುರಿತ ತನ್ನ 1990ರ ಕೃತಿಯಲ್ಲಿ ಒಂದು ಮುಖ್ಯವಾದ ಮಾತನ್ನು ಮುಂದಿಡುತ್ತಾನೆ. ಕೋಟ್ಯಂತರ ಜನರಿಂದ ಕೂಡಿದ, ಕಲ್ಪನೆಗೆ ಮಾತ್ರ ನಿಲುಕುವ ರಾಷ್ಟ್ರವೆಂಬ ಸಮುದಾಯವು ಹೆಸರುಳ್ಳ ಹನ್ನೊಂದು ಮಂದಿಯ ತಂಡವಾಗಿ ಕಣ್ಣೆದುರು ನಿಂತಾಗ ಹೆಚ್ಚು ನಿಜವೆನಿಸುತ್ತದೆ ಎಂಬುದು ಅದರ ಸಾರ. ಇಲ್ಲಿ 'ಹೆಸರುಳ್ಳ' ಎಂಬ ವಿಶೇಷಣವು ಗಮನಾರ್ಹವಾದುದು. ಆಟಗಾರನ ಹೆಸರಿನ ಮೂಲಕವೇ ಅಮೂರ್ತವಾದ ರಾಷ್ಟ್ರಕ್ಕೆ ಮುಖ ಮೂಡುತ್ತದೆ.

ಆಟದ ಆಯ್ಕೆಯು ರಾಜಕೀಯ ನಿಲುವೂ ಆಗಬಲ್ಲದೆಂಬುದಕ್ಕೆ ಐರ್ಲೆಂಡ್ ಪ್ರಸಿದ್ಧ ನಿದರ್ಶನ. 1884ರಲ್ಲಿ ಅಲ್ಲಿ ಸ್ಥಾಪನೆಗೊಂಡ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ಹರ್ಲಿಂಗ್ ಮತ್ತು ಗೇಲಿಕ್ ಫುಟ್‌ಬಾಲ್ ಆಟಗಳನ್ನು ಹಳ್ಳಿಯ ಚರ್ಚ್ ವ್ಯಾಪ್ತಿಯ ಸಂಘಗಳ ಮೂಲಕ ಬೆಳೆಸಿತು. ಇಂಗ್ಲಿಷರ ಆಟಗಳನ್ನು ಆಡುವವರಿಗೆ ಈ ಸಂಸ್ಥೆಯ ಸದಸ್ಯತ್ವವಿರಲಿಲ್ಲ. ಈ ನಿಷೇಧ ತೆರವಾದುದು 1971ರಲ್ಲಿ. ಹೀಗೆ ಐರಿಷರು ಆಳುವವರ ಆಟವನ್ನು ನಿರಾಕರಿಸಿ ತಮ್ಮ ಅಸ್ಮಿತೆಯನ್ನು ಕಟ್ಟಿಕೊಂಡರು. ಭಾರತವು ಹಿಡಿದ ದಾರಿ ಇದಕ್ಕಿಂತ ಭಿನ್ನವಾದುದು. ಇಲ್ಲಿ ಆಳುವವರ ಆಟವನ್ನೇ ಕೈಗೆತ್ತಿಕೊಂಡು, ಅದರಲ್ಲಿ ಅವರನ್ನು ಮೀರಿಸುವುದರ ಮೂಲಕ ರಾಷ್ಟ್ರಾಭಿಮಾನವು ರೂಪುಗೊಂಡಿತು.

2. ಹಾಕಿ: ದಾಖಲೆಯಿಲ್ಲದ ರಾಷ್ಟ್ರೀಯ ಕ್ರೀಡೆ

1928ರ ಆಮ್‌ಸ್ಟರ್‌ಡಾಮ್ ಒಲಿಂಪಿಕ್ಸ್‌ನಲ್ಲಿ ಭಾರತವು ಹಾಕಿಯಲ್ಲಿ ಮೊದಲ ಚಿನ್ನವನ್ನು ಗಳಿಸಿತು. ಆ ತಂಡದ ನಾಯಕತ್ವ ವಹಿಸಿದ್ದ ಜೈಪಾಲ್ ಸಿಂಗ್ ಛೋಟಾನಾಗಪುರದ ಮುಂಡಾ ಬುಡಕಟ್ಟಿಗೆ ಸೇರಿದವರು. ಅಲ್ಲಿಂದ 1956ರವರೆಗೆ ಸತತವಾಗಿ ಆರು ಒಲಿಂಪಿಕ್ಸ್‌ಗಳಲ್ಲಿ ಚಿನ್ನ ಭಾರತದ್ದಾಯಿತು. ಇವುಗಳಲ್ಲಿ 1948ರ ಲಂಡನ್ ಜಯಕ್ಕೆ ವಿಶೇಷ ಅರ್ಥವಿದೆ. ಸ್ವಾತಂತ್ರ್ಯ ಬಂದು ಒಂದು ವರ್ಷ ತುಂಬುವ ಹೊತ್ತಿಗೆ, ಬ್ರಿಟನ್ನಿನ ನೆಲದಲ್ಲಿಯೇ ಬ್ರಿಟನ್ ತಂಡವನ್ನು 4-0 ಅಂತರದಿಂದ ಸೋಲಿಸಿದ ಈ ಘಟನೆಯು ಕ್ರೀಡಾ ಫಲಿತಾಂಶದ ಎಲ್ಲೆಯನ್ನು ದಾಟಿ ಸ್ವಾತಂತ್ರ್ಯದ ಕಥನದಲ್ಲಿಯೇ ಸೇರಿಹೋಯಿತು.

ಹಾಕಿಯು ಭಾರತದ ರಾಷ್ಟ್ರೀಯ ಕ್ರೀಡೆ ಎಂಬುದು ಶಾಲೆಯ ಮಕ್ಕಳೂ ಹೇಳುವ ಮಾತು. ಆದರೆ ಯಾವುದೇ ಆಟವನ್ನು ರಾಷ್ಟ್ರೀಯ ಕ್ರೀಡೆಯೆಂದು ಘೋಷಿಸಿಲ್ಲವೆಂದು ಕೇಂದ್ರ ಸರಕಾರವು 2012ರಲ್ಲಿ ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ಉತ್ತರಿಸಿತು. ಜಾನಪದ ಅಧ್ಯಯನಕಾರರಿಗೆ ಇದು ಕುತೂಹಲದ ಸಂಗತಿ. ಆಜ್ಞೆಯಿಲ್ಲದೆ, ಶಾಸನವಿಲ್ಲದೆ, ಬಾಯಿಂದ ಬಾಯಿಗೆ ಸಾಗಿ ಜನಮನದಲ್ಲಿ ನೆಲೆನಿಂತ ಈ ನಂಬಿಕೆಯು ಒಂದು ಆಧುನಿಕ ಐತಿಹ್ಯವೇ ಆಗಿದೆ. ಐತಿಹ್ಯದ ಸತ್ಯವಿರುವುದು ಕಡತದಲ್ಲಿ ಅಲ್ಲ. ಅದನ್ನು ನಂಬುವ ಜನರ ಅಗತ್ಯದಲ್ಲಿ.

ಮುಂದಿನ ದಶಕಗಳಲ್ಲಿ ಈ ಅಗತ್ಯವು ಬೇರೆಡೆಗೆ ಹೊರಳಿತು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹಾಕಿಯು ಮೊದಲ ಬಾರಿಗೆ ಕೃತಕ ಹಾಸಿನ ಮೇಲೆ ನಡೆಯಿತು. ಭಾರತ ಏಳನೆಯ ಸ್ಥಾನಕ್ಕಿಳಿಯಿತು. 1980ರ ಮಾಸ್ಕೋ ಚಿನ್ನದ ಅನಂತರ, 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಅಂತಿಮ ಪಂದ್ಯದಲ್ಲಿ ಪಾಕಿಸ್ತಾನದೆದುರು 1-7ರ ಸೋಲು ಒದಗಿತು. ದೇಶವು ದೂರದರ್ಶನದ ಮುಂದೆ ಕುಳಿತು ನೋಡಿದ ಸೋಲದು. ಮರುವರ್ಷ, 1983ರಲ್ಲಿ, ಲಾರ್ಡ್ಸ್ ಮೈದಾನದಲ್ಲಿ ಕ್ರಿಕೆಟ್ ವಿಶ್ವಕಪ್ ಭಾರತದ ಪಾಲಾಯಿತು. ರಾಷ್ಟ್ರದ ಒಲವು ಹಾಕಿಯಿಂದ ಕ್ರಿಕೆಟ್ಟಿಗೆ ತಿರುಗಿದುದಕ್ಕೆ ಹಲವು ಕಾರಣಗಳಿದ್ದರೂ ಬೆನ್ನುಬೆನ್ನಿಗೆ ನಡೆದ ಈ ಎರಡು ಘಟನೆಗಳು ಆ ತಿರುವಿನ ಗುರುತುಗಳಾಗಿ ನಿಂತಿವೆ. ಆದರೆ ರಾಷ್ಟ್ರದ ಒಲವು ಬದಲಾದಾಗ ಪ್ರದೇಶಗಳ ಒಲವೂ ಅದೇ ಕ್ರಮದಲ್ಲಿ ಬದಲಾಗಬೇಕೆಂದಿಲ್ಲ. ಜಾರ್ಖಂಡ್ ಮತ್ತು ಒಡಿಶಾದ ಬುಡಕಟ್ಟು ಗ್ರಾಮಗಳಲ್ಲಿ ಗೆದ್ದ ತಂಡಕ್ಕೆ ಹೋತವನ್ನು ಬಹುಮಾನವಾಗಿ ಕೊಡುವ ಹಾಕಿ ಪಂದ್ಯಗಳು ಮುಂದುವರಿದವು. ದಕ್ಷಿಣದಲ್ಲಿ ಹಾಕಿಯನ್ನು ಬಿಡದೆ ಹಿಡಿದ ನೆಲ ಕೊಡಗು.

3. ಕೊಡಗಿನಲ್ಲಿ ಹಾಕಿ

1834ರಲ್ಲಿ ಬ್ರಿಟಿಷರ ವಶವಾದ ಕೊಡಗು, ಸ್ವಾತಂತ್ರ್ಯಾನಂತರ ಕೆಲಕಾಲ ಪ್ರತ್ಯೇಕ ರಾಜ್ಯವಾಗಿದ್ದು, 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯದಲ್ಲಿ ವಿಲೀನವಾಯಿತು. ಸೈನ್ಯ ಮತ್ತು ಶಾಲೆ, ಈ ಎರಡು ವಸಾಹತುಶಾಹಿ ಸಂಸ್ಥೆಗಳೊಂದಿಗೆ ಕೊಡಗಿನ ನಂಟು ಗಾಢವಾದುದು. ಜನರಲ್ ಕೆ.ಎಂ. ಕಾರ್ಯಪ್ಪ, ಜನರಲ್ ಕೆ.ಎಸ್. ತಿಮ್ಮಯ್ಯ ಅವರಂತಹ ಸೇನಾನಿಗಳನ್ನು ನೀಡಿದ ಈ ನೆಲದಲ್ಲಿ ಹಾಕಿಯೂ ಬೇರೂರಿತು. ಬ್ರಿಟಿಷ್ ಇಂಡಿಯಾದಲ್ಲಿ ಹಾಕಿಯನ್ನು ಪೋಷಿಸಿದುದೇ ಸೈನ್ಯದ ತುಕಡಿಗಳಾಗಿದ್ದುದರಿಂದ ಇದು ಆಕಸ್ಮಿಕವಲ್ಲ.

1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದಲ್ಲಿ ಎಂ.ಪಿ. ಗಣೇಶ್ ಮತ್ತು ಬಿ.ಪಿ. ಗೋವಿಂದ ಇದ್ದರು. 1973ರ ವಿಶ್ವಕಪ್‌ನಲ್ಲಿ ಬೆಳ್ಳಿ ಪಡೆದ ತಂಡಕ್ಕೆ ಗಣೇಶ್ ಅವರೇ ನಾಯಕರು. 1980ರಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದ ಎಂ.ಎಂ. ಸೋಮಯ್ಯ 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಭಾರತವನ್ನು ಮುನ್ನಡೆಸಿದರು. ಈ ಸಾಲು ಮುಂದೆ ಅರ್ಜುನ್ ಹಾಲಪ್ಪ, ವಿ.ಆರ್. ರಘುನಾಥ್, ಎಸ್.ವಿ. ಸುನಿಲ್ ಅವರವರೆಗೆ ಬೆಳೆಯಿತು. ಇವರೆಲ್ಲರೂ ಕೊಡಗಿನವರಾದರೂ ಎಲ್ಲರೂ ಕೊಡವ ಸಮುದಾಯದವರಲ್ಲ. ಹಾಕಿಯು ಮೊದಲಿಗೆ ಒಂದು ನಾಡಿನ ಆಟ. ಅದು ಒಂದು ಸಮುದಾಯದ ಲಾಂಛನವಾದುದು ಅನಂತರದ ಬೆಳವಣಿಗೆ.

4. ಮಂದಿನ ಆಟಗಳು

ಈ ಬೆಳವಣಿಗೆಯನ್ನು ಅರಿಯಲು ಕೊಡವ ಸಂಸ್ಕೃತಿಯಲ್ಲಿ ಆಟಕ್ಕಿರುವ ಸ್ಥಾನವನ್ನು ನೋಡಬೇಕು. ಕೊಡವ ಗ್ರಾಮರಚನೆಯಲ್ಲಿ 'ಮಂದ್' ಎಂಬುದು ಊರ ಜನ ಸೇರುವ ಬಯಲು. ಸುಗ್ಗಿಯ ಹಬ್ಬವಾದ ಪುತ್ತರಿಯಲ್ಲಿ ಕೋಲಾಟ ನಡೆಯುವುದು ಇಲ್ಲಿಯೇ. ಬೆತ್ತ ಮತ್ತು ಗುರಾಣಿ ಹಿಡಿದು ಇಬ್ಬರು ಸೆಣಸುವ 'ಪರಿಯ ಕಳಿ'ಯೂ ಈ ಪರಂಪರೆಗೆ ಸೇರಿದ್ದು. ಇದರಲ್ಲಿ ಹೊಡೆತ ಮೊಣಕಾಲಿನ ಕೆಳಗೆ ಮಾತ್ರ ಬೀಳಬೇಕೆಂಬ ನಿಯಮವಿದೆ. ಆಯುಧಗಳನ್ನು ಪೂಜಿಸುವ ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿಯಿಡುವ ಸ್ಪರ್ಧೆ ನಡೆಯುತ್ತದೆ. ಹಬ್ಬ, ಆಟ, ಶೌರ್ಯ ಇವು ಒಂದೇ ಆಚರಣೆಯ ಬೇರೆ ಬೇರೆ ಮುಖಗಳಾಗಿವೆ. ನಡಿಕೇರಿಯಂಡ ಚಿಣ್ಣಪ್ಪನವರು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದ 'ಪಟ್ಟೋಲೆ ಪಳಮೆ'ಯು ಈ ಹಬ್ಬಗಳ ಹಾಡುಗಳನ್ನು ಉಳಿಸಿಕೊಟ್ಟ ಅಮೂಲ್ಯ ಆಕರವಾಗಿದೆ.

ಬಯಲು, ಕೈಯಲ್ಲಿ ಕೋಲು, ಎದುರಾಳಿ, ಮೊಣಕಾಲ ಕೆಳಗಿನ ಮಿತಿ, ಸುತ್ತ ನೆರೆದ ಊರು ಎಂಬ ಸಾಮ್ಯಗಳನ್ನು ಕಂಡು ಹಾಕಿಯು ಪರಿಯ ಕಳಿಯಿಂದಲೇ ಹುಟ್ಟಿತೆಂದು ಸಾಧಿಸಹೊರಡುವುದು ಅವಸರದ ತೀರ್ಮಾನವಾದೀತು. ಆದರೆ ಹೊರಗಿನ ಆಟವೊಂದು ನೆಲೆಗೊಳ್ಳಲು ಹದವಾದ ನೆಲವು ಅಲ್ಲಿ ಮೊದಲೇ ಸಿದ್ಧವಾಗಿತ್ತೆಂದು ಹೇಳಲು ಅಡ್ಡಿಯಿಲ್ಲ.

5. ಒಕ್ಕದ ಹೆಸರಿನಲ್ಲಿ ತಂಡ

ಎಂ.ಎನ್. ಶ್ರೀನಿವಾಸ್ ಅವರು ಕೊಡಗನ್ನು ಕುರಿತ ತಮ್ಮ 1952ರ ಪ್ರಸಿದ್ಧ ಅಧ್ಯಯನದಲ್ಲಿ ಕೊಡವ ಸಮಾಜದ ಕೇಂದ್ರದಲ್ಲಿ ಒಕ್ಕವನ್ನು ಇರಿಸುತ್ತಾರೆ. ಒಬ್ಬ ಮೂಲಪುರುಷನಿಂದ ಇಳಿದುಬಂದ ಪಿತೃವಂಶೀಯ ಕುಟುಂಬವೇ ಒಕ್ಕ. ಅದರ ಮೂಲನೆಲೆ ಐನ್‌ಮನೆ. ಕಾಫಿ ಕೃಷಿ, ವಿದ್ಯಾಭ್ಯಾಸ, ಸೈನ್ಯ ಮತ್ತು ನಗರದ ಉದ್ಯೋಗಗಳ ಕಾರಣದಿಂದ ಇಪ್ಪತ್ತನೆಯ ಶತಮಾನದಲ್ಲಿ ಕುಟುಂಬಗಳು ಚದುರಿದವು. ಒಕ್ಕವು ಹೆಸರಿನಲ್ಲಿ ಉಳಿಯಿತಾದರೂ ಅದರ ಸದಸ್ಯರು ಒಂದೆಡೆ ಸೇರುವ ಸಂದರ್ಭಗಳು ವಿರಳವಾದವು.

ಈ ಸನ್ನಿವೇಶದಲ್ಲಿ ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ನಡುವಣ ಹಾಕಿ ಉತ್ಸವವನ್ನು ಆರಂಭಿಸಿದರು. ಮೊದಲ ವರ್ಷ ಪಾಲ್ಗೊಂಡ ತಂಡಗಳು 60. ಪ್ರತಿವರ್ಷ ಒಂದೊಂದು ಒಕ್ಕವು ಆತಿಥ್ಯ ವಹಿಸುತ್ತದೆ. ಪ್ರಶಸ್ತಿಗೆ ಆ ಒಕ್ಕದ ಹೆಸರೇ ಇರುತ್ತದೆ. 2018ರಲ್ಲಿ ನಾಪೋಕ್ಲುವಿನಲ್ಲಿ ನಡೆದ ಕುಲ್ಲೇಟಿರ ಕಪ್‌ನಲ್ಲಿ 329 ತಂಡಗಳಿದ್ದವು. ಆ ವರ್ಷದ ಮಳೆಗಾಲದ ಭೂಕುಸಿತ, ಅನಂತರದ ಕೋವಿಡ್ ಇವುಗಳಿಂದ ನಿಂತಿದ್ದ ಉತ್ಸವವು 2023ರಲ್ಲಿ ಅಪ್ಪಚೆಟ್ಟೋಳಂಡ ಒಕ್ಕದ ಆತಿಥ್ಯದಲ್ಲಿ ಮತ್ತೆ ಆರಂಭವಾಯಿತು. 2024ರ ಕುಂಡ್ಯೋಳಂಡ ಕಪ್‌ನಲ್ಲಿ 360 ತಂಡಗಳು ಆಡಿ, ಉತ್ಸವವು ಗಿನ್ನೆಸ್ ದಾಖಲೆಗೆ ಸೇರಿತು. 2025ರಲ್ಲಿ ಮಡಿಕೇರಿಯಲ್ಲಿ ನಡೆದ ಇಪ್ಪತ್ತೈದನೆಯ ಉತ್ಸವವಾದ ಮುದ್ದಂಡ ಕಪ್‌ನಲ್ಲಿ ತಂಡಗಳ ಸಂಖ್ಯೆ 396ಕ್ಕೆ ಏರಿತು.

ಉತ್ಸವದ ವಿಶೇಷತೆಯು ಸಂಖ್ಯೆಗಿಂತ ಹೆಚ್ಚಾಗಿ ಅದರ ರಚನೆಯಲ್ಲಿದೆ. ಇಲ್ಲಿ ತಂಡಕ್ಕೆ ಆಯ್ಕೆಯಾಗಲು ನೈಪುಣ್ಯಕ್ಕಿಂತ ಮೊದಲು ಬೇಕಾದುದು ಒಕ್ಕದ ಸದಸ್ಯತ್ವ. ಒಲಿಂಪಿಕ್ಸ್ ಆಡಿದವರೂ ಕೋಲು ಹಿಡಿದು ವರ್ಷಗಳೇ ಆದ ಹಿರಿಯರೂ ಒಂದೇ ತಂಡದಲ್ಲಿ ಇರಬಹುದು. ಪುರುಷರ ಜೊತೆಗೆ ಮಹಿಳೆಯರೂ ಮಕ್ಕಳೂ ಅದೇ ತಂಡದಲ್ಲಿ ಆಡುತ್ತಾರೆ. ಪುರುಷರ ಶೌರ್ಯವನ್ನೇ ಮುಖ್ಯವಾಗಿ ಕೊಂಡಾಡಿದ ಪರಂಪರೆಯಲ್ಲಿ ಇದು ಸಣ್ಣ ಬದಲಾವಣೆಯಲ್ಲ. ಅಂತರರಾಷ್ಟ್ರೀಯ ಹಾಕಿ ಕೈಬಿಟ್ಟ ಮಣ್ಣು, ಹುಲ್ಲಿನ ಮೈದಾನವೂ ಇಲ್ಲಿ ಉಳಿದುಕೊಂಡಿದೆ.

ಹಾಬ್ಸ್‌ಬಾಮ್ ಹೇಳಿದ 'ಹೆಸರುಳ್ಳ' ಹನ್ನೊಂದು ಮಂದಿಯ ಮಾತು ಇಲ್ಲಿ ಹೊಸ ಅರ್ಥ ಪಡೆಯುತ್ತದೆ. ಭಾರತ ತಂಡದ ಪಟ್ಟಿಯಲ್ಲಿ 'ಎಂ.ಎಂ. ಸೋಮಯ್ಯ' ಎಂದು ಬರೆದಾಗ ಮೊದಲ 'ಎಂ' ಎಂಬ ಒಂದೇ ಅಕ್ಷರದಲ್ಲಿ ಮಣೇಪಂಡ ಎಂಬ ಒಕ್ಕವು ಅಡಗಿಹೋಗುತ್ತದೆ. 'ಎಂ.ಪಿ. ಗಣೇಶ್' ಎಂಬಲ್ಲಿ ಮೊಳ್ಳೇರ ಒಕ್ಕವು ಹಾಗೆಯೇ ಮರೆಯಾಗುತ್ತದೆ. ರಾಷ್ಟ್ರದ ಪಟ್ಟಿಯು ಮೊಟಕುಗೊಳಿಸಿದ ಹೆಸರನ್ನು ಕುಟುಂಬ ಹಾಕಿಯು ಪೂರ್ಣವಾಗಿ ಹಿಂದಿರುಗಿಸುತ್ತದೆ. ಅಲ್ಲಿ ವ್ಯಕ್ತಿಯ ಹೆಸರು ಹಿಂದೆ ಸರಿದು ಒಕ್ಕದ ಹೆಸರೇ ತಂಡವಾಗಿ ಮೈದಾನಕ್ಕಿಳಿಯುತ್ತದೆ. ಐರಿಷರು ಪರಕೀಯ ಆಟವನ್ನು ತಿರಸ್ಕರಿಸಿ ಪಡೆದುದನ್ನು ಕೊಡವರು ಪರಕೀಯ ಆಟವನ್ನು ಒಕ್ಕದ ಅಚ್ಚಿಗೆ ಎರೆದು ಪಡೆದರು.

6. ಉಳಿದಿರುವ ಪ್ರಶ್ನೆಗಳು

ಆದರೆ ಈ ಯಶಸ್ಸನ್ನು ಸಂಸ್ಕೃತಿಯ ಆರೋಗ್ಯಕ್ಕೆ ನೇರ ಸಾಕ್ಷಿಯೆಂದು ಪರಿಗಣಿಸುವಂತಿಲ್ಲ. 2001ರ ಜನಗಣತಿಯಲ್ಲಿ ಕೊಡವ ಭಾಷೆಯನ್ನು ತಾಯ್ನುಡಿಯೆಂದು ದಾಖಲಿಸಿದವರು 1,66,187 ಮಂದಿ. 2011ರಲ್ಲಿ ಈ ಸಂಖ್ಯೆ 1,13,857ಕ್ಕೆ ಇಳಿಯಿತು. ಅಂದರೆ ಹತ್ತು ವರ್ಷಗಳಲ್ಲಿ ಮೂರನೆಯ ಒಂದರಷ್ಟು ಕುಸಿತ. ಯುನೆಸ್ಕೊ ಸಹ ಕೊಡವ ಭಾಷೆಯನ್ನು ಅಪಾಯದಲ್ಲಿರುವ ಭಾಷೆಗಳ ಪಟ್ಟಿಯಲ್ಲಿ ಸೇರಿಸಿದೆ. ತಂಡಗಳು ಹೆಚ್ಚುತ್ತ ಹೋದ ಅವಧಿಯಲ್ಲಿಯೇ ದಾಖಲೆಯಲ್ಲಿ ಭಾಷಿಕರು ಕಡಿಮೆಯಾಗಿದ್ದಾರೆ. ವರ್ಷಕ್ಕೊಮ್ಮೆ ಊರಿಗೆ ಬಂದು ಒಕ್ಕದ ಹೆಸರಿನಲ್ಲಿ ಆಡುವುದು ಸಾಧ್ಯ. ನುಡಿಯನ್ನು ವರ್ಷಕ್ಕೊಮ್ಮೆ ಆಡಿ ಉಳಿಸಿಕೊಳ್ಳುವುದು ಸಾಧ್ಯವಿಲ್ಲ.

ಎರಡನೆಯದು ಒಳಗು-ಹೊರಗಿನ ಪ್ರಶ್ನೆ. ಒಕ್ಕವನ್ನು ಆಧರಿಸಿದ ಆಟವು ಸೇರಿಸುವಾಗಲೇ ಗೆರೆಯನ್ನೂ ಎಳೆಯುತ್ತದೆ. ಕೊಡಗಿನಲ್ಲಿ ಅರೆಭಾಷೆ ಗೌಡರು, ಯರವರು, ಕುರುಬರು, ಕೊಡವ ನುಡಿಯನ್ನೇ ಆಡುವ ಇತರ ಹಲವು ಸಮುದಾಯಗಳು, ಮುಸ್ಲಿಮರು ಎಲ್ಲರೂ ಇದ್ದಾರೆ. ಕುಟುಂಬ ಹಾಕಿಯ ಮಾದರಿಯಲ್ಲಿ ಗೌಡ ಕುಟುಂಬಗಳ ಕ್ರಿಕೆಟ್ ಪಂದ್ಯಾವಳಿಯು ರೂಪುಗೊಂಡಿರುವುದು ಈ ಮಾದರಿಯ ಬಲವನ್ನು ತೋರಿಸುತ್ತದೆ. ಅದೇ ಹೊತ್ತಿಗೆ ಒಂದೊಂದು ಸಮುದಾಯವೂ ತನ್ನದೇ ಮೈದಾನದಲ್ಲಿ ಪ್ರತ್ಯೇಕವಾಗಿ ಆಡುವ ಸ್ಥಿತಿಯನ್ನೂ ಅದು ಸೂಚಿಸುತ್ತದೆ. ಹಳೆಯ ಮಂದ್ ಊರಿನದ್ದಾಗಿತ್ತು; ಹೊಸ ಮೈದಾನವು ಒಕ್ಕದ್ದಾಗಿದೆ. ಈ ವ್ಯತ್ಯಾಸವನ್ನು ಗುರುತಿಸದೆ ಉತ್ಸವವನ್ನು ಕೇವಲ ಪರಂಪರೆಯ ಮುಂದುವರಿಕೆಯೆಂದು ಕರೆಯಲಾಗದು.

7. ಸಮಾರೋಪ

ಒಟ್ಟಾರೆಯಾಗಿ ನೋಡಿದಾಗ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಆಟದ ಮೂಲ ಎಲ್ಲಿಯದೆಂಬುದಕ್ಕಿಂತ ಅದನ್ನು ಯಾವ ಸಾಮಾಜಿಕ ರಚನೆಯೊಳಗೆ ಆಡಲಾಗುತ್ತಿದೆ ಎಂಬುದು ಅಸ್ಮಿತೆಯನ್ನು ನಿರ್ಧರಿಸುತ್ತದೆ. ರಾಷ್ಟ್ರದ ಅಸ್ಮಿತೆ ಮತ್ತು ನಾಡಿನ ಅಸ್ಮಿತೆಗಳು ಒಂದೇ ಆಟದಲ್ಲಿ ಕೂಡಿ ಬಾಳಬಲ್ಲವು. ಭಾರತಕ್ಕಾಗಿ ಆಡಿದವನೇ ಒಕ್ಕಕ್ಕಾಗಿಯೂ ಆಡುತ್ತಾನೆ. ಹಾಗೆಯೇ, ಆಟವು ನೆನಪನ್ನು ಒಗ್ಗೂಡಿಸಬಲ್ಲದಾದರೂ ಭಾಷೆ ಮತ್ತು ನೆರೆಹೊರೆಯ ಬದುಕಿಗೆ ಬದಲಿಯಾಗಲಾರದು. 1997ರಲ್ಲಿ ಚದುರಿದ ಕುಟುಂಬಗಳನ್ನು ಒಂದುಗೂಡಿಸಲು ಹುಟ್ಟಿದ ಉತ್ಸವವು ಆ ಉದ್ದೇಶವನ್ನು ನಿರೀಕ್ಷೆ ಮೀರಿ ಸಾಧಿಸಿದೆ. ಮೈದಾನದಲ್ಲಿ ಮರಳಿ ದೊರೆತ ಒಕ್ಕದ ಹೆಸರು ಐನ್‌ಮನೆಯ ಮಾತಿನಲ್ಲಿಯೂ ಮರಳಿ ಕೇಳಿಬರುವಂತಾಗುವುದು ಮುಂದಿನ ತಲೆಮಾರಿನ ಹೊಣೆಯಾಗಿದೆ.