ಲಲಾಟಬಿಂಬ

ಗುಡಿಯ ಬಾಗಿಲವಾಡದ ಮೇಲಿನ ಅಡ್ಡಪಟ್ಟಿಯಲ್ಲಿ ನಟ್ಟನಡುವೆ ಕೆತ್ತಿದ ಮೂರ್ತಿಗೆ ಲಲಾಟಬಿಂಬ ಎನ್ನುತ್ತಾರೆ. ಸಂಸ್ಕೃತದ ‘ಲಲಾಟ’ ಎಂದರೆ ಹಣೆ, ಬಾಗಿಲಿಗೂ ಹಣೆಯುಂಟು! ಕಲ್ಯಾಣ ಚಾಲುಕ್ಯರ ಗುಡಿಗಳಲ್ಲಿ ಆ ಜಾಗ ಹೆಚ್ಚಾಗಿ ಗಜಲಕ್ಷ್ಮಿಯದು: ಕಮಲದ ಮೇಲೆ ಕುಳಿತ ದೇವಿ, ಎರಡೂ ಬದಿಯಿಂದ ಸೊಂಡಿಲೆತ್ತಿ ನೀರೆರೆಯುವ ಆನೆಗಳು. ಒಳಗಿರುವುದು ಶಿವಲಿಂಗವಾದರೂ ಸರಿ, ಹೊಸ್ತಿಲು ದಾಟುವವರಿಗೆ ಸಿರಿ ಹಾರೈಸುವವಳು ಲಕ್ಷ್ಮಿಯೇ. ಹಾಗಾಗಿ ಬಿಂಬ ನೋಡಿದ ಕೂಡಲೇ ಒಳಗಿನ ದೇವರು ಯಾರೆಂದು ಹೇಳಿಬಿಡುವುದು ಅವಸರವಾದೀತು. ಎಲ್ಲೆಡೆ ಲಕ್ಷ್ಮಿಯೇ ಇರಬೇಕೆಂದೂ ಇಲ್ಲ: ಐಹೊಳೆಯ ದುರ್ಗ ಗುಡಿಯಲ್ಲಿ ಆ ಜಾಗದಲ್ಲಿ ನಾಗಗಳ ಬಾಲ ಹಿಡಿದ ಗರುಡನಿದ್ದಾನೆ. ಪದವೇನೋ ಶಿಲ್ಪಶಾಸ್ತ್ರದಲ್ಲೇ ಉಳಿಯಿತು, ರೂಢಿ ಮಾತ್ರ ಮನೆಗಿಳಿಯಿತು. ಹಳೆಯ ಮನೆಗಳ ಮರದ ಬಾಗಿಲಲ್ಲಿ ಅರಿಸಿನ ಕುಂಕುಮ ಮೆತ್ತಿಸಿಕೊಂಡು ಮೂಗು ಸವೆದ ಅದೇ ಗಜಲಕ್ಷ್ಮಿ ಕಾಣುತ್ತಾಳೆ. ಹೊಸ ಮನೆಗಳಲ್ಲಿ ಅಂಗಡಿಯಿಂದ ತಂದ ಹಿತ್ತಾಳೆ ತಗಡೊಂದು ಆ ಕೆಲಸ ಮಾಡುತ್ತದೆ.