ಆಮವಾತದ ಔಷಧ ತೆಗೆದುಕೊಳ್ಳುವವರಿಗೆ ಜ್ವರ ಬಂದರೆ: ಸೊರಬ, ಶಿಕಾರಿಪುರದ ಕುಟುಂಬಗಳಿಗೆ ಮಾಹಿತಿ

ಆಮವಾತ (ರುಮಟಾಯ್ಡ್ ಆರ್ಥ್ರೈಟಿಸ್) ಎಂದರೆ ದೇಹದ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ ತಿರುಗಿಬೀಳುವ ಕಾಯಿಲೆ. ಅದಕ್ಕೆ ಕೊಡುವ ಮೆಥೊಟ್ರೆಕ್ಸೇಟ್, ಲೆಫ್ಲುನೊಮೈಡ್, ಟೊಫಾಸಿಟಿನಿಬ್, ಸ್ಟೀರಾಯ್ಡ್ ಮತ್ತು ಬಯಾಲಜಿಕ್ ಚುಚ್ಚುಮದ್ದುಗಳು ಆ ಶಕ್ತಿಯನ್ನು ತಗ್ಗಿಸುತ್ತವೆ. ಕೀಲು ಉಳಿಯುತ್ತದೆ, ಆದರೆ ಸೋಂಕನ್ನು ಎದುರಿಸುವ ಬಲ ಕುಗ್ಗುತ್ತದೆ. ಸ್ಟೀರಾಯ್ಡ್ ತೆಗೆದುಕೊಳ್ಳುವವರಲ್ಲಿ ದೊಡ್ಡ ಸೋಂಕಿದ್ದರೂ ಮೈ ಅಷ್ಟಾಗಿ ಬಿಸಿಯಾಗದೆ ಇರಬಹುದು.

ನಮ್ಮ ಭಾಗದಲ್ಲಿ ಇದಕ್ಕೆ ಇನ್ನೊಂದು ಆತಂಕ ಸೇರಿಕೊಂಡಿದೆ. ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಕಾಯಿಲೆಗೆ ಆ ಕಾಡಿನ ಹೆಸರೇ ಉಳಿದಿದೆ. ಡಿಸೆಂಬರ್‌ನಿಂದ ಮೇವರೆಗೆ, ತರಗೆಲೆ ಗುಡಿಸಲು, ಸೊಪ್ಪು ಸೌದೆ ತರಲು ಕಾಡಂಚಿಗೆ ಹೋದವರಿಗೆ ಉಣುಗು ಕಚ್ಚಿ ಇದು ಬರುತ್ತದೆ. ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಚಳಿಜ್ವರ, ತಲೆನೋವು, ತಡೆಯಲಾಗದ ಮೈಕೈ ನೋವು.

ಮೋಸ ಆಗುವುದು ಇಲ್ಲೇ. ಹತ್ತು ವರ್ಷದಿಂದ ಕೀಲುನೋವು ಉಂಡವರು ಈ ನೋವನ್ನೂ ಹಳೆಯದೇ ಕೆರಳಿತು ಎಂದುಕೊಂಡು ಡೈಕ್ಲೊಫೆನಾಕ್ ನುಂಗಿ ಮಲಗುತ್ತಾರೆ. ಮಂಗನ ಕಾಯಿಲೆಯಲ್ಲಿ ರಕ್ತಸ್ರಾವದ ಭಯವಿದೆ. ಡೈಕ್ಲೊಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಅದನ್ನು ಹೆಚ್ಚಿಸಬಲ್ಲವು. ಈ ಕಾಯಿಲೆಯಲ್ಲಿ ಬಿಳಿರಕ್ತಕಣ, ಪ್ಲೇಟ್‌ಲೆಟ್ ಎರಡೂ ಇಳಿಯುತ್ತವೆ. ಮೆಥೊಟ್ರೆಕ್ಸೇಟ್ ಕೂಡ ಕೆಲವರಲ್ಲಿ ಅವನ್ನೇ ಇಳಿಸುತ್ತದೆ. ಕೀಲುನೋವು ಕೆರಳಿದರೆ ಕೀಲು ಊದುತ್ತದೆ, ಬೆಳಗಿನ ಬಿಗಿತ ಹೆಚ್ಚುತ್ತದೆ; ಚಳಿ ಹಿಡಿದು ನಡುಗಿಸುವ ಜ್ವರ ಅದರ ಲಕ್ಷಣವಲ್ಲ. ಅಂಥ ಜ್ವರ ಬಂದ ದಿನವೇ ಆಸ್ಪತ್ರೆಗೆ ಹೋಗಿ, ರಕ್ತಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಪ್ಯಾರಾಸಿಟಮಾಲ್ ಸಾಕು.

ಮಾತ್ರೆಗಳ ವಿಚಾರ. ಸೋಂಕು ಜೋರಾಗಿದ್ದಾಗ ಮೆಥೊಟ್ರೆಕ್ಸೇಟ್, ಲೆಫ್ಲುನೊಮೈಡ್, ಟೊಫಾಸಿಟಿನಿಬ್, ಬಯಾಲಜಿಕ್‌ಗಳನ್ನು ವೈದ್ಯರು ಸಾಮಾನ್ಯವಾಗಿ ಕೆಲಕಾಲ ತಡೆಹಿಡಿಯುತ್ತಾರೆ. ಹೈಡ್ರಾಕ್ಸಿಕ್ಲೋರೊಕ್ವಿನ್ ಮುಂದುವರಿಯುವುದೇ ಹೆಚ್ಚು. ಸ್ಟೀರಾಯ್ಡನ್ನು ಮಾತ್ರ ಥಟ್ಟನೆ ಬಿಡಲೇಬಾರದು: ಬಹುಕಾಲ ತೆಗೆದುಕೊಂಡವರಲ್ಲಿ ದೇಹ ತಾನೇ ಆ ಹಾರ್ಮೋನು ತಯಾರಿಸುವುದನ್ನು ಮರೆತಿರುತ್ತದೆ, ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯ. ಮೂತ್ರದ ಸೋಂಕಿಗೆ ಬರೆಯುವ ಕೋಟ್ರೈಮಾಕ್ಸಜೋಲ್ ಮೆಥೊಟ್ರೆಕ್ಸೇಟ್ ಜೊತೆ ಸೇರಿದರೆ ಅಸ್ಥಿಮಜ್ಜೆಯ ಕೆಲಸವೇ ನಿಲ್ಲಬಹುದು. ಔಷಧದಂಗಡಿಯಲ್ಲೂ ಇದನ್ನು ಹೇಳಿ.

ಮೆಥೊಟ್ರೆಕ್ಸೇಟ್ ದೇಹದಿಂದ ಹೊರಹೋಗುವುದು ಮೂತ್ರಪಿಂಡದ ಮೂಲಕ. ಜ್ವರದಲ್ಲಿ ನೀರು ಕಡಿಮೆಯಾದರೆ ಅದು ರಕ್ತದಲ್ಲಿ ಉಳಿಯುತ್ತದೆ. ಆದ್ದರಿಂದ ರಾತ್ರಿ ನೀರನ್ನೂ ತ್ಯಜಿಸುವ ನಿಯಮವಿರುವವರು, ನಿರ್ಜಲ ಉಪವಾಸ ಮಾಡುವವರು ಕಾಯಿಲೆಯ ದಿನಗಳಲ್ಲಿ ಏನು ಮಾಡಬೇಕೆಂದು ವೈದ್ಯರನ್ನೂ ಗುರುಗಳನ್ನೂ ಮೊದಲೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು. ಕಾಯಿಸಿ ಸೋಸಿದ ನೀರು ಕುಡಿಯುವ ನಮ್ಮ ಮನೆಗಳ ಪದ್ಧತಿಯಂತೂ ಈ ರೋಗಿಗಳಿಗೆ ವರವೇ.

ಮಂಗನ ಕಾಯಿಲೆಯ ಹಳೆಯ ಲಸಿಕೆಯ ಬಳಕೆ 2022ರಲ್ಲಿ ನಿಂತಿದೆ. ಈಗ ಉಳಿದಿರುವುದು ಮೈಮುಚ್ಚುವ ಬಟ್ಟೆ, ಬಂದೊಡನೆ ಬಿಸಿನೀರಿನ ಸ್ನಾನ ಮತ್ತು ಆರೋಗ್ಯ ಇಲಾಖೆ ಹಂಚುವ ಡೆಪಾ ತೈಲ. ಆ ತೈಲ ಉಣುಗನ್ನು ದೂರವಿಡುವ ಲೇಪ, ಕೊಲ್ಲುವ ವಿಷವಲ್ಲ; ಅಹಿಂಸೆಯ ಕಾರಣಕ್ಕೆ ಹಿಂಜರಿಯುವವರು ಧೈರ್ಯವಾಗಿ ಹಚ್ಚಿಕೊಳ್ಳಬಹುದು. ಸತ್ತ ಮಂಗ ಕಂಡರೆ ಮುಟ್ಟದೆ ಆಶಾ ಕಾರ್ಯಕರ್ತೆಗೆ ತಿಳಿಸಿ. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆಗಳನ್ನು ಇಂಥ ರೋಗಿಗಳು ಪಡೆಯಬಹುದು. ಜೀವಂತ ಲಸಿಕೆಗಳನ್ನು ವೈದ್ಯರನ್ನು ಕೇಳದೆ ಹಾಕಿಸಿಕೊಳ್ಳಬಾರದು. ಬಯಾಲಜಿಕ್ ಆರಂಭಿಸುವ ಮುನ್ನ ಕ್ಷಯ ಪರೀಕ್ಷೆ ಕಡ್ಡಾಯ.

ತಾಲ್ಲೂಕು ಆಸ್ಪತ್ರೆಗಾಗಲಿ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗಾಗಲಿ ಹೊರಡುವಾಗ ಮಾತ್ರೆಗಳ ಚೀಟಿ ಜೊತೆಗಿರಲಿ. ವಾರಕ್ಕೊಮ್ಮೆಯ ಮೆಥೊಟ್ರೆಕ್ಸೇಟನ್ನು ಕೊನೆಗೆ ನುಂಗಿದ್ದು ಯಾವ ದಿನ, ಕಾಡಿಗೆ ಹೋಗಿದ್ದು ಯಾವ ದಿನ ಎಂಬುದನ್ನೂ ಅದರಲ್ಲೇ ಬರೆದಿಡಿ.